ಕೆಂಪು ದಾರ ಕಟ್ಟಿದ ಸೋರೆ

ಕಾಯಿಯ ತೊಟ್ಟಿನ ಕಡೆಯಿಂದ ಉಗುರಗಲದ ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ಬಚ್ಚಲಿಗೆ ಓಡಿ ಉಗಿದಳು. ಬಾಯಿ ಮುಕ್ಕಳಿಸಿದಳು, ಮತ್ತೆ ಉಗಿದಳು. ಕಹಿ ಹೋಗಲಿಲ್ಲ. ಅದು ಹಾಗಲದ ಕಹಿಯಂತಿರಲಿಲ್ಲ. ನಾಲಿಗೆಯನ್ನು ಹಿಡಿದು ಹಿಂಡಿ ಗಂಟಲಿನವರೆಗೂ ಇಳಿಯುವ ಕಹಿ. ಅಂಥದ್ದನ್ನು ಅವಳು ಈವರೆಗೆ ಬಾಯಿಂದ ಕಂಡಿರಲಿಲ್ಲ, ಕಣ್ಣಿಂದ ಕಂಡಿದ್ದಳು.

ಚಿಕ್ಕವಳಿದ್ದಾಗ ಅವಳ ಸೋದರಮಾವ ಮನೆಗೆ ಬಂದಿದ್ದ. ತಟ್ಟೆಗೆ ಬಿದ್ದದ್ದನ್ನು ಬಿಸಾಡಬಾರದು ಎನ್ನುವ ಮನುಷ್ಯ. ಕಹಿಯೆಂದು ಎಲ್ಲರೂ ಬದಿಗೆ ತಳ್ಳಿದ ಸೋರೆಕಾಯಿಯನ್ನು ಒಬ್ಬನೇ ತಿಂದು ಮುಗಿಸಿದ. ಸಂಜೆಗೆ ಅವನು ವಾಂತಿ ಮಾಡಿಕೊಂಡ ಪಾತ್ರೆಯನ್ನು ಅಮ್ಮ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಮುಚ್ಚಿ ಹೊರಗೆ ಒಯ್ದಳು. ಬಟ್ಟೆ ಕೆಂಪಾಗಿತ್ತು. ಮರುದಿನ ಮಾವ ಇರಲಿಲ್ಲ. ಅಂದಿನಿಂದ ಅಮ್ಮ ಸೋರೆಯನ್ನು ಒಲೆಯ ಮೇಲಿಡುವ ಮೊದಲು ಒಂದು ಚೂರು ಬಾಯಿಗಿಟ್ಟು ನೋಡುವುದನ್ನು ತಪ್ಪಿಸಲಿಲ್ಲ. ಅಮ್ಮನ ನಂತರ ಇವಳೂ ತಪ್ಪಿಸಿರಲಿಲ್ಲ.

ಬೀದಿಯವರೆಲ್ಲ ಅವಳನ್ನು ಬಳ್ಳಿಯಕ್ಕ ಎಂದು ಕರೆಯುತ್ತಿದ್ದರು. ಮನೆಯ ಹಿಂದೆ ಎರಡು ಮಂಚ ಹಾಕುವಷ್ಟು ಮಣ್ಣು, ಮೇಲೊಂದು ತಾರಸಿ, ತಾರಸಿಯ ತುಂಬ ಒಡೆದ ಡ್ರಮ್ಮು, ಎಣ್ಣೆ ಡಬ್ಬ. ಅಷ್ಟರಲ್ಲೇ ವರ್ಷದ ಯಾವ ದಿನ ಹೋಗಿ ನೋಡಿದರೂ ಏನಾದರೊಂದು ಕಾಯಿ ತೂಗುತ್ತಿರಬೇಕು, ಅದು ಅವಳ ಹಠ. ಬಿಸಿಲಿಗೆ ಸೋರೆ, ಮಳೆ ಹಿಡಿದರೆ ಹೀರೆ, ಮಳೆ ಬಿಟ್ಟ ಮೇಲೆ ಬೂದುಗುಂಬಳ. ಚಳಿಗೆಂದು ಕೊಯ್ದ ಸಿಹಿಗುಂಬಳಗಳು ಮಂಚದ ಕೆಳಗೆ ಸಾಲಾಗಿ ಮಲಗಿರುತ್ತಿದ್ದವು. ಚಳಿ ಜೋರಾದರೆ ಬಳ್ಳಿಯ ಬುಡಕ್ಕೆ ಗೋಣಿಚೀಲ ಸುತ್ತುವಳು, ಬಿಸಿಲು ಜೋರಾದರೆ ಹಳೆಯ ಹೊದಿಕೆಯನ್ನು ಚಪ್ಪರದ ಮೇಲೆ ಕಟ್ಟುವಳು. "ನನ್ನ ತಮ್ಮನಿಗೆ ಜ್ವರ ಬಂದಾಗ ನೀನು ಇಷ್ಟು ಹೊದಿಸಿದ್ದು ನಾನಂತೂ ನೋಡ್ಲಿಲ್ಲ ಕಣೇ" ಎಂದು ಜೊತೆಯಲ್ಲೇ ಇದ್ದ ಅತ್ತಿಗೆ, ಎಂದರೆ ಗಂಡನ ಅಕ್ಕ, ಕೆಣಕುತ್ತಿದ್ದಳು.

ಕತ್ತರಿಸಿದ ಕಾಯಿ ಮಣೆಯ ಮೇಲೆ ಬಿದ್ದಿತ್ತು. ನೀರಿನ ತೊಟ್ಟಿಯ ಮೂಲೆಯ ಡ್ರಮ್ಮಿನಲ್ಲಿ ಹೊಸದಾಗಿ ಹಬ್ಬಿದ ಬಳ್ಳಿಯ ಕಾಯಿ ಅದು. ಆ ಬಳ್ಳಿ ಮೊದಲ ಸಲ ಬಿಟ್ಟದ್ದೇ ಎರಡು. ಈಗ ಬಳ್ಳಿಯಕ್ಕ ಕೊಯ್ಯಲು ಮೇಲೆ ಹೋದಾಗ ತೂಗುತ್ತಿದ್ದದ್ದು ಒಂದೇ.

ಅಡುಗೆಮನೆಯ ಕಸದ ಬಕೆಟ್ಟಿನ ಮುಚ್ಚಳ ತೆಗೆದಳು. ತೆಳು ಹಸಿರು ಸಿಪ್ಪೆ, ಇನ್ನೂ ನವಿರು ರೋಮ ಹೋಗದ್ದು. ಅದರ ಜೊತೆ ಹಾಗಲಕಾಯಿಯ ತುದಿಗಳು.

"ಅತ್ತಿಗೇ, ಇದನ್ನ ಯಾರು ಹೆಚ್ಚಿದ್ದು?"

"ಇನ್ಯಾರು, ನಿನ್ನ ಗಂಡ" ಎಂದಳು ಅತ್ತಿಗೆ, ಬೇಳೆ ಆರಿಸುತ್ತಿದ್ದ ಕಡೆಯಿಂದ ಕತ್ತೆತ್ತದೆ. "ನೀನು ಮೇಲೆ ಹೂಗಳ ಹತ್ರ ಮಾತಾಡ್ತಾ ನಿಂತಿದ್ದೆ. ನಿನ್ನ ಬೆನ್ನ ಹಿಂದಿನಿಂದಲೇ ಕಿತ್ಕೊಂಡು ಬಂದ, ಅವನೇ ಮಿಕ್ಸಿಗೆ ಹಾಕ್ದ. ಬಾಟಲಿಗೆ ತುಂಬ್ಕೊಂಡು ಕೆಲಸಕ್ಕೆ ಹೋದ."

"ಕುಡಿದ್ರಾ ಇಲ್ಲಿ?"

"ಇಲ್ಲಿ ಕುಡಿದ್ರೆ ನಾನು ನಗ್ತೀನಲ್ಲ, ಅಲ್ಲೇ ಕುಡೀತಾನಂತೆ. ಯಾಕೆ, ಮುಖ ಯಾಕೆ ಹಾಗಾಯ್ತು?"

ಬಳ್ಳಿಯಕ್ಕ ಹೇಳಿದಳು. ಅತ್ತಿಗೆ ಮೂಗು ಮುರಿದಳು. "ಕಹಿ ತಿಂದು ಸತ್ತವರುಂಟೇನೇ? ಉಗೀತಾನೆ ಬಿಡು."

ಉಗಿಯುವುದಿಲ್ಲ. ಭಯ ಇದ್ದದ್ದೇ ಅಲ್ಲಿ. ಸಕ್ಕರೆ ಕಾಯಿಲೆಗೆಂದು ಯಾರೋ ಹೇಳಿದ ಮೇಲೆ ಗಂಡ ಹಾಗಲ, ಸೋರೆ ಎರಡನ್ನೂ ಹಸಿಯಾಗಿ ರುಬ್ಬಿ ಕುಡಿಯತೊಡಗಿದ್ದ. ಕಹಿಯಾದಷ್ಟೂ ಗುಣ ಹೆಚ್ಚು ಎಂಬುದು ಅವನ ನಂಬಿಕೆ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನನಗೆ ನೋಡು, ಮದ್ದೇ ಅದು" ಎಂದು ಹೆಮ್ಮೆಯಿಂದ ಲೋಟ ಎತ್ತುತ್ತಿದ್ದ. ಬೇರೆ ಯಾರಾದರೂ ಥೂ ಎನ್ನುವಲ್ಲಿ ಅವನು ಇನ್ನೊಂದು ಗುಟುಕು ಎಳೆಯುವವನು.

ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅವನು ಗಾಜು ಕೂರಿಸುವ ಕೆಲಸದವನು. ಒಮ್ಮೆ ಕಿಸೆಯಲ್ಲಿ ಫೋನು ಕಿರುಚಿ, ಕೈ ನಡುಗಿ, ಆಳೆತ್ತರದ ಕನ್ನಡಿ ಪುಡಿಯಾದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಸಾಮಾನಿನ ಚೀಲದ ತಳದಲ್ಲಿ ಇಡುತ್ತಿದ್ದ. ಇವತ್ತಿನ ಕೆಲಸ ಎಲ್ಲಿ ಎಂದು ಬೆಳಿಗ್ಗೆ ಹೇಳಿದ್ದ. ಇವಳು ಕೇಳಿಸಿಕೊಂಡಿರಲಿಲ್ಲ.

"ಅತ್ತಿಗೇ, ಆ ಮಿಕ್ಸಿ ಜಾರು ಮುಟ್ಟಬೇಡಿ. ಮಣೆ ಮೇಲಿರೋದನ್ನೂ ಮುಟ್ಟಬೇಡಿ."

"ನಾನ್ಯಾಕೆ ಮುಟ್ಟಲಿ? ಚಪ್ಪಲಿ ಹಾಕ್ಕೊಂಡು ಹೋಗೇ!"

ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ಗಾಜಿನ ಅಂಗಡಿಯ ಮಾಲೀಕ ಗಿರಾಕಿಯೊಬ್ಬನಿಗೆ ಫ್ರೇಮು ತೋರಿಸುತ್ತಿದ್ದ. "ಕೂತ್ಕೊಳ್ಳಿ ಅಕ್ಕ" ಎಂದ. ಅವಳು ನಿಂತೇ ಕೇಳಿದಳು. ಸೇತುವೆಯ ಆಚೆ, ಹೊಸದಾಗಿ ತೆರೆಯುವ ಹಲ್ಲಿನ ಡಾಕ್ಟರ ಕೋಣೆಗಳಿಗೆ ಗಾಜು ಹಾಕಲು ಹೋಗಿದ್ದಾನೆ, ಜೊತೆಗೆ ಬಡಗಿ ಇದ್ದಾನೆ. "ಬಡಗಿ ನಂಬರು ಇದ್ರೆ ಮಾಡಿ" ಎಂದಳು. ಅದೂ ಆಗಲಿಲ್ಲ, ಆ ಕಡೆ ಡ್ರಿಲ್ಲು ಓಡುತ್ತಿರಬೇಕು. ಮಾಲೀಕನೇ ಒಂದು ಆಟೋ ನಿಲ್ಲಿಸಿಕೊಟ್ಟ.

ಸೇತುವೆಯ ಮೇಲೆ ಲಾರಿಗಳು ನಿಂತಿದ್ದವು. ಆಟೋದವ ಇಂಜಿನ್ನು ಆರಿಸಿ ಬೆನ್ನು ಕೆರೆದುಕೊಂಡ. ಬಳ್ಳಿಯಕ್ಕ ಕೈ ಕೈ ಹಿಸುಕಿಕೊಂಡಳು. ಎಲ್ಲಿಂದ ಬಂತು ಈ ಕಹಿ? ಬೀಜದ ವಿಷಯದಲ್ಲಿ ಅವಳು ಯಾರನ್ನೂ ನಂಬಿದವಳಲ್ಲ. ಹಿಂದಿನ ಓಣಿಯಲ್ಲಿ ಮುಚ್ಚಿಹೋದ ಮರದ ಡಿಪೋ ಇತ್ತು. ಅದರ ಗೋಡೆಯ ಮೇಲೆ ಯಾರೂ ಹಾಕದ ಕಾಡುಸೋರೆ ಹಬ್ಬಿತ್ತು. ಅದರ ಪರಾಗವನ್ನು ಹುಳುಹುಪ್ಪಟೆ ಇವಳ ಹೂವಿಗೆ ತಂದರೆ ಕಾಯಿಗೆ ಏನೂ ಆಗುವುದಿಲ್ಲ, ಆದರೆ ಒಳಗಿನ ಬೀಜ ಕೆಡುತ್ತದೆ. ಮುಂದಿನ ವರ್ಷ ಆ ಬೀಜದಿಂದ ಬಂದ ಬಳ್ಳಿ ಕಹಿ ಬಿಡುತ್ತದೆ. ಇದನ್ನು ಅಮ್ಮ ಕಲಿಸಿದ್ದಳು. ಅದಕ್ಕೇ ಸಂಜೆ ಹೂವು ಬಿರಿಯುವ ಹೊತ್ತಿಗೆ ಬಳ್ಳಿಯಕ್ಕ ತಾರಸಿಯ ಮೇಲಿರುತ್ತಿದ್ದಳು. ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆತ್ತಗೆ ಒತ್ತುವಳು. ಆಮೇಲೆ ಯಾವ ಹುಳವೂ ಹೊಗದಂತೆ ಆ ಹೂವಿನ ಬಾಯಿ ಮುಚ್ಚಿ ಕಟ್ಟಿ, ತೊಟ್ಟಿಗೆ ಕೆಂಪು ದಾರ ಸುತ್ತುವಳು. ದಾರ ಇದ್ದ ಕಾಯನ್ನು ಬೀಜಕ್ಕೆ ಬಿಡುವುದು, ದಾರ ಇಲ್ಲದ್ದನ್ನು ಅಡುಗೆಗೆ ಕೊಯ್ಯುವುದು. ಈ ಮೂಲೆಯ ಬಳ್ಳಿಯೂ ದಾರ ಕಟ್ಟಿದ ಕಾಯಿಯ ಬೀಜವೇ. ಆ ಕಾಯನ್ನು ಒಡೆಯುವಾಗ ಕೆಂಪು ದಾರವನ್ನು ತಾನೇ ಕತ್ತರಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಸ್ವಲ್ಪ ಸಂದಿಯಲ್ಲಿ ನುಗ್ಗಿಸಪ್ಪ" ಎಂದಳು.

"ನುಗ್ಗಿಸೋಕೆ ಇದೇನು ಸೂಜೀನಾ ಅಮ್ಮ?"

ಅವಳು ಇಳಿದು ನಡೆದಳು. ನಡೆದಳೋ ಓಡಿದಳೋ, ಕಾಲಿಗೆ ಗೊತ್ತು.

ಕಟ್ಟಡದ ಮೂರನೇ ಮಹಡಿಯಲ್ಲಿ ಸಿಮೆಂಟಿನ ಧೂಳು, ಮರದ ಹೊಟ್ಟು. ಬಾಗಿಲಿಲ್ಲದ ಚೌಕಟ್ಟಿನಲ್ಲಿ ಬಂದು ನಿಂತಾಗ ಗಂಡ ಕಂಡ. ದೊಡ್ಡ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಬೆನ್ನು ಹಾಕಿ ನಿಂತು, ಗೋಡೆಯಷ್ಟು ಅಗಲದ ಗಾಜಿನ ಒಂದು ಅಂಚನ್ನು ಎದೆಗೆ ಒತ್ತಿ ಹಿಡಿದಿದ್ದ. ಇನ್ನೊಂದು ಅಂಚು ಬಡಗಿಯ ಕೈಯಲ್ಲಿ. ಕಿಟಕಿಯಾಚೆ ಏನೂ ಇರಲಿಲ್ಲ, ಕೆಳಗೆ ರಸ್ತೆ.

ಬಾಯಿಗೆ ಬಂದ ಕೂಗನ್ನು ಅವಳು ಅಂಗೈಯಿಂದ ಒತ್ತಿ ಹಿಡಿದಳು. ಈಗ 'ರೀ' ಎಂದರೆ ಅವನು ತಿರುಗುತ್ತಾನೆ. ತಿರುಗಿದರೆ ಗಾಜು ಹೋಗುತ್ತದೆ, ಗಾಜಿನ ಜೊತೆ ಅವನೂ.

ಕಿಟಕಿಯ ಪಕ್ಕದ ಹಲಗೆಯ ಮೇಲೆ ಬಾಟಲಿ ಇತ್ತು. ಅದರೊಳಗಿನ ಹಸಿರು ಎಲ್ಲಿಯವರೆಗಿದೆ ಎಂದು ಅವಳು ನೋಡಿದಳು. ಅರ್ಧವೂ ಉಳಿದಿರಲಿಲ್ಲ.

"ಒಂಚೂರು ನಿನ್ನ ಕಡೆ ಎತ್ತು" ಎಂದ ಗಂಡ.

"ಎತ್ತಿದೀನಿ. ನಿನ್ನ ಕಡೆನೇ ಇಳಿದಿದೆ. ಕಷಾಯ ಕುಡಿದು ಶಕ್ತಿ ಇಳಿದುಹೋಯ್ತಾ?"

"ನಿಂಗೊತ್ತಾಗಲ್ಲ ಬಿಡು, ಒಂದು ಗುಟುಕಿಗೇ ಉಗಿದವನು ನೀನು."

ಗಾಜು ಕೂತಿತು. ಆದರೆ ಕೈ ಬಿಡುವ ಹಾಗಿರಲಿಲ್ಲ. ಸುತ್ತ ಮರದ ಪಟ್ಟಿ ಹೊಡೆಯಬೇಕು. ಬಡಗಿ ಒಂದೊಂದೇ ಮೊಳೆಯನ್ನು ತುಟಿಯಿಂದ ತೆಗೆದು, ಮಗುವಿಗೆ ತಟ್ಟಿದಂತೆ ಮೆಲ್ಲಗೆ ತಟ್ಟಿದ. ಒಂದು ಬದಿ, ಮತ್ತೊಂದು ಬದಿ. ಬಳ್ಳಿಯಕ್ಕ ಚೌಕಟ್ಟಿಗೆ ಉಗುರು ಊರಿ ನಿಂತಿದ್ದಳು. ಗಂಡನ ಕತ್ತಿನ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಬೆವರು ಮೂಡುತ್ತಿತ್ತು. ಕೆಲಸದ ಬೆವರು ಹೀಗೆ ಹನಿಹನಿಯಾಗಿ ನಿಲ್ಲುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅವನ ಒಂದು ಕಾಲು ಸ್ಟೂಲಿನ ಮೇಲೆ ಜಾಗ ಬದಲಾಯಿಸಿತು.

ಕೊನೆಯ ಮೊಳೆ ಹೊಡೆದ ಮೇಲೆ ಅವನು ಕೈ ಬಿಟ್ಟು, ಇಳಿದು, ತಿರುಗಿದ.

"ಅರೆ! ನೀನೇನೇ ಇಲ್ಲಿ?"

"ಎಷ್ಟು ಕುಡಿದ್ರಿ?"

"ಅರ್ಧದ ಮೇಲೆ. ಇವತ್ತು ನೋಡು, ಸರಿಯಾಗಿ ಕಹಿ ಹಿಡಿದಿದೆ. ಮೈಗೆ ಹತ್ತುತ್ತೆ."

"ನಡೀರಿ ಆಸ್ಪತ್ರೆಗೆ."

ಗಂಡ ನಕ್ಕ. ಬಡಗಿಯೂ ನಕ್ಕ. "ಅಕ್ಕ, ಹಲ್ಲಿನ ಆಸ್ಪತ್ರೆಲೇ ಇದೀವಲ್ಲ" ಎಂದ ಬಡಗಿ. ಆ ನಗು ಮುಗಿಯುವ ಮೊದಲೇ ಗಂಡ ಹೊಟ್ಟೆ ಹಿಡಿದುಕೊಂಡ. ಮುಖ ಸುಣ್ಣದ ಗೋಡೆಯಾಯಿತು. ಕಿಟಕಿಯಿಲ್ಲದ ಮೂಲೆಗೆ ಹೋಗಿ ಬಗ್ಗಿದ. ಮೊದಲು ಹಸಿರು ಬಂತು. ಇಬ್ಬರೂ ಅವನನ್ನು ಹಿಡಿದು ಮೆಟ್ಟಿಲು ಇಳಿಸುವಾಗ ಮತ್ತೆ ಬಂತು. ಅದರಲ್ಲಿ ಕೆಂಪು ಎಳೆಗಳಿದ್ದವು.

ಬಡಗಿ ಆಮೇಲೆ ನಗಲಿಲ್ಲ. ಹಲಗೆಯ ಮೇಲಿಂದ ತೆಗೆದುಕೊಂಡ ಬಾಟಲಿಯನ್ನು ಮಾತ್ರ ಬಳ್ಳಿಯಕ್ಕ ಕೈಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಟಲಿ ನೋಡಿದರು, ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. "ಗೊತ್ತಮ್ಮ, ಹಿಂದೆಯೂ ಒಬ್ಬರು ಹೀಗೇ ಬಂದಿದ್ರು. ಇದಕ್ಕೆ ಇಂಥದೇ ಅಂತ ಮದ್ದಿಲ್ಲ. ನೀರು ಹತ್ತಿಸ್ತೀವಿ, ರಕ್ತ ನಿಲ್ಲೋಕೆ ಕೊಡ್ತೀವಿ. ಬಿಪಿ ತುಂಬ ಇಳಿದಿದೆ. ಇವತ್ತು ಕಳೀಬೇಕು" ಎಂದರು.

ಹಿಂದೆ ಬಂದ ಆ ಒಬ್ಬರು ಏನಾದರು ಎಂದು ಅವಳು ಕೇಳಲಿಲ್ಲ.

ಹಸಿರು ಪರದೆಯ ಹಿಂದೆ ಗಂಡ ಮಲಗಿದ್ದ. ಅಷ್ಟು ದಪ್ಪ ತೋಳು, ಗಾಜು ಹೊತ್ತು ಹೊತ್ತು ಗಟ್ಟಿಯಾದದ್ದು, ಸೂಜಿ ಚುಚ್ಚಿಸಿಕೊಂಡು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ನರ್ಸು ಬಂದು ಬಂದು ನೋಡಿದಳು. ಒಮ್ಮೆ ಅವಸರವಾಗಿ ಬಂದು ಮಂಚದ ಕಾಲಿನ ಕಡೆಯನ್ನು ಎತ್ತರಿಸಿದಳು. ಬಳ್ಳಿಯಕ್ಕನನ್ನು ಹೊರಗೆ ಕಳಿಸಿದರು. ಗೋಡೆಗೆ ಹಣೆ ಒತ್ತಿ ನಿಂತಾಗ ಅವಳಿಗೆ ಅಮ್ಮ ಒಯ್ದ ಆ ಪಾತ್ರೆ ಬಿಟ್ಟರೆ ಇನ್ನೇನೂ ಕಾಣಲಿಲ್ಲ. ನನ್ನ ಕೈಯಾರೆ ನೀರು ಹಾಕಿ ಬೆಳೆಸಿದ್ದು, ನನ್ನ ಕೈಯಾರೆ.

ಅತ್ತಿಗೆ ಬಂದಳು. ಬರುವಾಗಲೇ ಬೈಯುತ್ತಾ ಬಂದವಳು ಪರದೆಯ ಸಂದಿಯಿಂದ ತಮ್ಮನನ್ನು ಕಂಡದ್ದೇ ಬೈಗುಳ ಬಿಟ್ಟು ಬಳ್ಳಿಯಕ್ಕನ ಪಕ್ಕ ಕುಳಿತಳು. "ಕಹಿ ತಿಂದು ಯಾರೂ ಸಾಯಲ್ಲ ಅಂದುಬಿಟ್ಟೆನಲ್ಲೇ" ಎಂದಳು. ಬಳ್ಳಿಯಕ್ಕ ಅವಳ ಕೈ ಹಿಡಿದುಕೊಂಡಳು. ಎರಡೂ ಕೈ ತಣ್ಣಗಿದ್ದವು.

ಮರುದಿನ ಬೆಳಕಾದಾಗ ಗಂಡ ಕಣ್ಣು ಬಿಟ್ಟು ನೀರು ಕೇಳಿದ. ನರ್ಸು ಒಂದು ಚಮಚ ಕೊಟ್ಟು ಕಾದಳು. ನೀರು ನಿಂತಿತು. ಇನ್ನೊಂದು ಚಮಚ. ಅದೂ ನಿಂತಿತು. ಡಾಕ್ಟರಮ್ಮ ಬಂದು, "ಇನ್ನು ಹೆದರಬೇಡಿ" ಎಂದು ಹೋದರು. ಬಳ್ಳಿಯಕ್ಕ ನೆಲದ ಮೇಲೆ ಕುಳಿತು, ಶಬ್ದ ಬರದ ಹಾಗೆ ಅತ್ತಳು.

"ದಾರ ಕಟ್ಟಿದ ಕಾಯಿಯ ಬೀಜ ರೀ ಅದು" ಎಂದಳು ಅಳು ನಿಂತ ಮೇಲೆ. "ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ. ನಾನೇ ಒತ್ತಿ, ನಾನೇ ಕಟ್ಟಿದ ಹೂವು."

ಗಂಡ ಸೂರು ನೋಡಿದ. ಆಮೇಲೆ ಗೋಡೆ ನೋಡಿದ. "ಯಾವ ಕಾಯಿ?" ಎಂದ.

"ಹೋದ ವರ್ಷದ್ದು. ಮೆಟ್ಟಿಲ ಹತ್ರ ತೂಗ್ತಿತ್ತಲ್ಲ, ಉದ್ದಕ್ಕೆ, ಎಷ್ಟು ಲಕ್ಷಣವಾಗಿ..."

"ಅದಕ್ಕೆ ನೀನು ದಾರ ಕಟ್ಟಿರಲಿಲ್ಲ."

"ಇತ್ತು ರೀ. ನಾನೇ ಬಿಚ್ಚಿದ್ದು."

"ಕಟ್ಟಿದ್ದು ನಾನು" ಎಂದ. "ಅಷ್ಟು ಚೆನ್ನಾಗಿತ್ತು, ನೀನು ಕೊಯ್ದುಬಿಡ್ತೀಯೇನೋ ಅಂತ. ದಾರ ಇದ್ರೆ ಕೊಯ್ಯಬಾರದು ಅಂತ ತಾನೆ ನಿನ್ನ ಲೆಕ್ಕ? ಅದಕ್ಕೇ ನಿನ್ನ ಡಬ್ಬದಿಂದ ತೆಗೆದು ಕಟ್ಟಿದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋದು ಕೇಳಿದ್ದೆ" ಎಂದಳು ಅತ್ತಿಗೆ. "ನೀನು ಸೋರೆಕಾಯಿ ಕಳ್ಳನಪ್ಪ."

ಬಳ್ಳಿಯಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಆ ಲಕ್ಷಣವಾದ ಕಾಯಿಯ ಬೀಜವನ್ನು ಅವಳು ತಾನೊಬ್ಬಳೇ ಬಿತ್ತಿರಲಿಲ್ಲ. ಇಂಥ ಕಾಯಿ ಎಲ್ಲರ ಮನೆಯಲ್ಲೂ ಬಿಡಲಿ ಎಂದು ಹಂಚಿದ್ದಳು. ಒಂದೇ ಹೊತ್ತಿಗೆ ಬಿತ್ತಿದ್ದರೆ ಎಲ್ಲರ ಬಳ್ಳಿಯೂ ಈಗಲೇ ಕಾಯಿ ಬಿಟ್ಟಿರಬೇಕು.

ಮೊದಲು ನೆನಪಾದದ್ದು ಬೇರೆ ಊರಲ್ಲಿದ್ದ ಮಗಳು, ಅವಳ ಪುಟ್ಟ ಕೂಸು. ಫೋನು ರಿಂಗಾಗುತ್ತಲೇ ಇತ್ತು. ಎರಡನೇ ಸಲವೂ. ಮೂರನೇ ಸಲಕ್ಕೆ ಮಗಳು ಎತ್ತಿದಳು.

"ಅಮ್ಮಾ, ಮಗು ಸ್ನಾನ ಮಾಡಿಸ್ತಿದ್ದೆ. ಅಪ್ಪ ಹೇಗಿದ್ದಾರೆ?"

"ಅಪ್ಪ ಹುಷಾರು. ಸೋರೆ ಬಳ್ಳಿ ಕಾಯಿ ಬಿಟ್ಟಿದೆಯೇನೇ?"

"ಒಂದು ಬಿಟ್ಟಿದೆ. ಇವತ್ತು ಕೊಯ್ಯೋಣ ಅಂತಿದ್ದೆ."

"ಅಡುಗೆಮನೆಗೆ ತರಬೇಡ. ಬಳ್ಳೀನ ಬುಡಸಮೇತ ಕಿತ್ತು ಹಾಕು. ಈಗಲೇ. ನಾನು ಫೋನು ಹಿಡ್ಕೊಂಡಿರ್ತೀನಿ, ಕಿತ್ತು ಬಂದು ಹೇಳು."

ಬೀದಿಯ ಹೊಲಿಗೆಯವಳ ಗಿಡವನ್ನು ಮೊಳಕೆಯಲ್ಲೇ ಮೇಕೆ ತಿಂದಿತ್ತು. ತಳ್ಳುಗಾಡಿಯ ತರಕಾರಿಯವನ ಹತ್ತಿರ ಅತ್ತಿಗೆಯೇ ಹೋದಳು. ಅವನ ಹೆಂಡತಿ ಅದಾಗಲೇ ಕಾಯಿ ಹೆಚ್ಚಿ ಒಲೆಯ ಪಕ್ಕ ಇಟ್ಟಿದ್ದಳಂತೆ. ಅತ್ತಿಗೆ ಹೇಳದೆ ಕೇಳದೆ ಪಾತ್ರೆಯನ್ನೇ ಚರಂಡಿಗೆ ಬೋರಲು ಹಾಕಿ, ಬೈಸಿಕೊಂಡು, ಆಮೇಲೆ ಕಾರಣ ಹೇಳಿದ್ದಳು.

ಉಳಿದದ್ದು ಒಬ್ಬಳು. ಬಸ್ಸಿನವಳು.

ಒಂದು ದಿನ ಮಾರುಕಟ್ಟೆಯಿಂದ ಬರುವಾಗ ಪಕ್ಕದಲ್ಲಿ ಕುಳಿತ ಹೆಂಗಸಿನ ಜೊತೆ ಮಾತು ಬೆಳೆದಿತ್ತು. ಬಳ್ಳಿಯ ಮಾತು ಬಂದರೆ ಬಳ್ಳಿಯಕ್ಕನಿಗೆ ಇಳಿಯುವ ಜಾಗ ಮರೆಯುತ್ತಿತ್ತು. "ನಮ್ಮತ್ತೆಗೆ ಸೋರೆ ಅಂದ್ರೆ ಪ್ರಾಣ. ಹಲ್ಲಿಲ್ಲ ನೋಡಿ, ಅದೊಂದೇ ಸಲೀಸಾಗಿ ಇಳಿಯೋದು" ಎಂದಿದ್ದಳು ಆಕೆ. ಬಳ್ಳಿಯಕ್ಕ ಚೀಲದಿಂದ ಒಂದು ಚಿಟಿಕೆ ಬೀಜ ತೆಗೆದು ಕೊಟ್ಟಿದ್ದಳು. ಆಕೆ ಅದನ್ನು ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡದ್ದು ನೆನಪಿದೆ. ಹೆಬ್ಬೆರಳಿನ ಮೇಲೆ ಸುಟ್ಟ ಕಲೆ ಇದ್ದದ್ದು ನೆನಪಿದೆ. ಐವತ್ತು ವರ್ಷದ ಹಿಂದಿನ ಮಾವನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ; ಆಕೆಯ ಮುಖ ಮಾತ್ರ ಬರುತ್ತಿಲ್ಲ.

"ಊರಿಗೆಲ್ಲ ನೀನೇ ತಾಯಿಯೇನೇ?" ಎಂದ ಗಂಡ ಆಸ್ಪತ್ರೆಯ ಮಂಚದಿಂದಲೇ, ಅವಳು ಅತ್ತಿಗೆ ತಂದಿದ್ದ ಚಪ್ಪಲಿ ಮೆಟ್ಟಿಕೊಳ್ಳುವಾಗ. "ಕಹಿ ಇದ್ರೆ ಅವರು ಉಗೀತಾರೆ."

"ನೀವು ಉಗಿದ್ರಾ?"

ಅವನು ಪಕ್ಕಕ್ಕೆ ತಿರುಗಿ, "ಹುಷಾರಾಗಿ ಹೋಗಿ ಬಾ" ಎಂದ.

ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದ.

"ಕೊನೆಯವರೆಗೆ. ಆಮೇಲೆ ವಾಪಸ್ಸು."

"ಗಾಳಿ ಸೇವನೇನಾ ಅಜ್ಜಿ?"

ಅವಳು ಕೂರಲಿಲ್ಲ. ಕಂಬಿ ಹಿಡಿದು ನಿಂತಳು. ಹತ್ತು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. "ಅಮ್ಮಂದಿರಾ" ಎಂದಳು, "ಹೋದ ವರ್ಷ ಈ ಬಸ್ಸಲ್ಲಿ ಒಬ್ಬರಿಗೆ ಸೋರೆ ಬೀಜ ಕೊಟ್ಟಿದ್ದೆ. ಅದು ವಿಷ. ಕಾಯಿ ಕಹಿಯಾಗಿದ್ರೆ ನುಂಗಬೇಡಿ. ಅತ್ತೆಗೆ ಹಲ್ಲಿಲ್ಲ ಅಂದಿದ್ರು. ಅವರು ಯಾರಾದ್ರೂ ಗೊತ್ತಾ?"

ಹಿಂದಿನ ಸೀಟಿನ ಹುಡುಗಿಯರು ಕಿಸಕ್ಕೆಂದರು. ಕಿಟಕಿ ಪಕ್ಕದ ಮುದುಕರು ಕನ್ನಡಕ ಸರಿಮಾಡಿಕೊಂಡು, "ಕಹಿ ಒಳ್ಳೇದಲ್ವೇನಮ್ಮ, ರಕ್ತ ಶುದ್ಧಿ ಮಾಡುತ್ತೆ" ಎಂದರು.

"ನಮ್ಮ ಮನೆಯವರೂ ಹಾಗೇ ಅಂದ್ರು" ಎಂದಳು. "ನಿನ್ನೆ ರಕ್ತ ವಾಂತಿ ಮಾಡ್ಕೊಂಡ್ರು. ಆಸ್ಪತ್ರೆಲಿ ಬಿಟ್ಟು ಬಂದಿದೀನಿ."

ಕಂಡಕ್ಟರು ಚೀಟಿ ಹರಿಯುವುದು ನಿಲ್ಲಿಸಿದ. "ಗುರುತು ಹೇಳಿ ಅಜ್ಜಿ. ಎಲ್ಲಿ ಹತ್ತಿದ್ರು, ಎಲ್ಲಿ ಇಳಿದ್ರು?"

ಅವಳಿಗೆ ಹೇಳಲು ಇದ್ದದ್ದು ಒಂದು ಗಂಟು ಹಾಕಿದ ಕರ್ಚೀಫು, ಒಂದು ಸುಟ್ಟ ಹೆಬ್ಬೆರಳು. ಅಷ್ಟೇ.

ಮುಂದಿನ ನಿಲ್ದಾಣ ಬಂದಾಗ ಕಂಡಕ್ಟರು ಬಾಗಿಲಲ್ಲಿ ಜೋತು ಕೂಗಿದ: "ಮಾರ್ಕೆಟ್, ಮಾರ್ಕೆಟ್ ಇಳಿಯೋರು! ಸೋರೆಕಾಯಿ ಕಹಿ ಇದ್ರೆ ಉಗೀರಿ, ನುಂಗಬೇಡಿ! ಮುಂದೆ ಬನ್ನಿ, ಮುಂದೆ ಬನ್ನಿ!" ಕೆಳಗೆ ನಿಂತವರು ನಕ್ಕರು. ಹತ್ತಿದ ಪ್ರತಿ ಹೆಂಗಸಿನ ಹೆಬ್ಬೆರಳನ್ನು ಬಳ್ಳಿಯಕ್ಕ ನೋಡಿದಳು.

ಬಸ್ಸು ಮನೆಗಳ ನಡುವೆ ಹೊರಟಿತು. ಅವಳು ಕಿಟಕಿಯಾಚೆ ನೋಡಿದಳು. ಕಾಂಪೌಂಡಿನ ಮೇಲೆ ಒಂದು ಬಳ್ಳಿ. ಶೆಡ್ಡಿನ ತಗಡಿನ ಮೇಲೆ ಒಂದು. ಯಾರದೋ ತಾರಸಿಯಿಂದ ರಸ್ತೆಯ ಕಡೆ ಇಳಿಬಿದ್ದದ್ದು ಇನ್ನೊಂದು, ಅದರಲ್ಲಿ ತೆಳು ಹಸಿರಿನ ಎಳೆ ಕಾಯಿ, ಕೊಯ್ಯಲು ಹದವಾಗಿ. ಇಷ್ಟು ವರ್ಷ ಇಂಥದ್ದು ಕಂಡರೆ ಅವಳ ಕಣ್ಣು ತಣಿಯುತ್ತಿತ್ತು. ಈಗ ಒಂದೊಂದು ಮನೆ ದಾಟಿದಾಗಲೂ ಇದೇ ಆಕೆಯ ಮನೆಯೇನೋ ಎನ್ನಿಸುತ್ತಿತ್ತು. ಅವಳು ಬಾಗಿಲ ಕಡೆಗೆ ಸರಿದು ಕಂಡಕ್ಟರನ ತೋಳು ಹಿಡಿದಳು.

"ಇಲ್ಲಿ ನಿಲ್ಲಿಸಪ್ಪ. ಆ ತಾರಸಿ ಮನೆಯವರನ್ನ ಕೇಳಿ ಬರ್ತೀನಿ."